ತಾಯಿಯ ಬಾಯಿಯ ಗಾದೆ

ಧ್ಯಾನಕ್ಕೆ ಆಧಾರ: ಜ್ಞಾನೋಕ್ತಿಗಳು 31ನೆಯ ಅಧ್ಯಾಯ, 1ರಿಂದ 9ನೆಯ ವಚನಗಳು



ಸತ್ಯವೇದದಲ್ಲಿರುವ ಜ್ಞಾನೋಕ್ತಿಗಳ ಗ್ರಂಥದ ಕಡೆಯ ಅಧ್ಯಾಯವನ್ನು ತೆರೆದು ನೋಡಿರಿ. ಅದು ಲೆಮೂವೇಲನೆಂಬ ಒಬ್ಬ ಅರಸನ ಮಾತುಗಳೆಂದು ಆರಂಭವಾಗುತ್ತದೆ. ಈ ಅರಸನ ಹೆಸರು ಇಸ್ರಾಯೇಲಿನ ಅರಸರ ಪಟ್ಟಿಯಲ್ಲಿಯೂ ಇಲ್ಲ, ಯೆಹೂದದ ಅರಸರ ಪಟ್ಟಿಯಲ್ಲಿಯೂ ಇಲ್ಲ. ಅವನು ಹೇಳಿದ್ದಾದರೂ ಅವನ ಸ್ವಂತ ಮಾತಲ್ಲ. ಅವನ ತಾಯಿ ಅವನಿಗೆ ಕಲಿಸಿದ ಮಾತು. ಆ ತಾಯಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಆಕೆ ಯಾವ ಊರಿನವಳೋ, ಎಂಥ ಮನೆಯವಳೋ, ಅದನ್ನೂ ಹೇಳಿಲ್ಲ. ಆದರೂ ಆಕೆಯ ಉಪದೇಶವು ಮೂರು ಸಾವಿರ ಸಾಮತಿಗಳನ್ನು ಹೇಳಿದನೆಂದು ಪ್ರಸಿದ್ಧನಾದ ಸೊಲೊಮೋನನ ಮಾತುಗಳ ಪಕ್ಕದಲ್ಲಿಯೇ ದೇವರ ವಾಕ್ಯದೊಳಗೆ ಸೇರಿತು. ಹೆಸರಿಲ್ಲದ ತಾಯಿಯ ಬಾಯಿಂದ ಬಂದ ಬುದ್ಧಿಮಾತನ್ನು ದೇವರು ಹೀನವೆಂದು ಎಣಿಸಲಿಲ್ಲವೆಂಬದನ್ನು ನಾವು ಇಲ್ಲಿ ಮೊದಲು ತಿಳಿದುಕೊಳ್ಳಬೇಕು.

ಇದನ್ನು ಯಾಕೆ ಹೇಳಬೇಕಾಯಿತೆಂದರೆ, ನಮ್ಮ ಸಭೆಗಳವರಲ್ಲಿ ಕೆಲವರು ಗಾದೆಗಳ ವಿಷಯದಲ್ಲಿ ನಾಚಿಕೆಪಡುತ್ತಾರೆ. ನಮ್ಮ ಅಜ್ಜಿಯರು ಓದುಬರಹ ಕಲಿತವರಲ್ಲ, ಅವರ ಮಾತಿನಲ್ಲೇನಿದೆ ಎಂದು ಕೆಲವರು ಅನ್ನುತ್ತಾರೆ. ಅವು ಹಳೆಯ ಮತದ ಮಾತುಗಳು, ಸ್ನಾನದೀಕ್ಷೆ ಹೊಂದಿದ ಮೇಲೆ ಅವು ನಮಗೆ ಬೇಡವೆಂದು ಇನ್ನು ಕೆಲವರು ಅನ್ನುತ್ತಾರೆ. ಪಟ್ಟಣದ ಶಾಲೆಗೆ ಹೋಗಿ ಬಂದ ಮಕ್ಕಳು ಅವುಗಳನ್ನು ಕೇಳಿ ನಗುತ್ತಾರೆ. ಹೀಗೆ ಒಬ್ಬರು ನಾಚಿ, ಒಬ್ಬರು ಹೆದರಿ, ಒಬ್ಬರು ನಕ್ಕು, ತಲೆತಲಾಂತರದಿಂದ ಮನೆಯಲ್ಲಿದ್ದ ಕಾಳನ್ನು ಹೊಟ್ಟೆಂದು ತಿಳಿದು ತಿಪ್ಪೆಗೆ ಸುರಿಯುತ್ತಿದ್ದೇವೆ. ಮತ್ತೆ ಕೆಲವರು ಇದಕ್ಕೆ ವಿರುದ್ಧವಾಗಿ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಹೇಳಿ, ಹಿರಿಯರ ಬಾಯಿಂದ ಬಂದದ್ದೆಲ್ಲಾ ಸತ್ಯವೆಂದು ನಂಬಿ, ಹೊಟ್ಟನ್ನೂ ಕಾಳೆಂದು ಉಣ್ಣುತ್ತಾರೆ. ಈ ಎರಡೂ ತಪ್ಪು. ಕಣದಲ್ಲಿ ಒಕ್ಕಲಿಗನು ಮಾಡುವ ಹಾಗೆ ನಾವು ಗಾದೆಗಳನ್ನು ತೂರಿ, ಕಾಳನ್ನು ಉಳಿಸಿಕೊಂಡು, ಹೊಟ್ಟನ್ನು ಗಾಳಿಗೆ ಬಿಡಬೇಕು.

ಮೊದಲನೆಯದಾಗಿ, ದೇವರು ಬುದ್ಧಿಯನ್ನು ಒಂದೇ ಜನಾಂಗದ ಹೊಲದಲ್ಲಿ ಬಿತ್ತಲಿಲ್ಲವೆಂಬದನ್ನು ನೋಡೋಣ.

ಇದಕ್ಕಾಗಿ ಸಮುದ್ರದಾಚೆಗಿರುವ ಆಫ್ರಿಕಾ ಖಂಡದ ಕಡೆಗೆ ನಿಮ್ಮ ಮನಸ್ಸನ್ನು ತಿರುಗಿಸಿರಿ. ಅಲ್ಲಿಯ ಹಳ್ಳಿಗಳಲ್ಲಿಯೂ ಹೊಲಗಳುಂಟು, ದನಕರುಗಳುಂಟು, ಮೊಮ್ಮಕ್ಕಳನ್ನು ಕೂರಿಸಿಕೊಂಡು ಮಾತಾಡುವ ಅಜ್ಜಿಯರುಂಟು. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಸ್ವಾಹಿಲಿ ಎಂಬ ಭಾಷೆಯನ್ನಾಡುವ ಜನರು, "ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ" ಎಂದು ಹೇಳುತ್ತಾರೆ. ಕಿಬಾಬಾ ಎಂದರೆ ಧಾನ್ಯ ಅಳೆಯುವ ಒಂದು ಅಳತೆ. ಸ್ವಲ್ಪಕ್ಕೆ ಸ್ವಲ್ಪ ಸೇರಿದರೆ ಆ ಅಳತೆ ತುಂಬುವದೆಂದು ಇದರ ಅರ್ಥ. ನಮ್ಮ ಅಜ್ಜಿಯರು ಏನೆನ್ನುತ್ತಾರೆ? ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಅವರಿಗೆ ಕಿಬಾಬಾ, ನಮಗೆ ಬಳ್ಳ. ಅಳತೆಯ ಹೆಸರು ಬೇರೆ, ಮಾತು ಒಂದೇ. ಅವರ ಗಾದೆಯಲ್ಲಿಯೂ ಪ್ರಾಸವುಂಟು, ನಮ್ಮದರಲ್ಲಿಯೂ ಪ್ರಾಸವುಂಟು. ಪುಸ್ತಕವಿಲ್ಲದ ಜನರು ಮಾತನ್ನು ಮರೆಯದಂತೆ ಕಟ್ಟಿ ಇಡುವದಕ್ಕೆ ಪ್ರಾಸವೇ ಹಗ್ಗ. ನಮ್ಮ ಸಭೆಗಳ ಹೆಂಗಸರು ಅಡಿಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ತೆಗೆದಿಡುತ್ತಾರಷ್ಟೆ. ಆ ಹಿಡಿ ಅಕ್ಕಿಯ ಗಡಿಗೆಯು ಈ ಎರಡು ಗಾದೆಗಳಿಗೂ ಸಾಕ್ಷಿಯಾಗಿದೆ.

"ಹರಾಕಾ ಹರಾಕಾ ಹೈನಾ ಬರಾಕಾ" ಎಂದು ಅದೇ ಜನರು ಹೇಳುತ್ತಾರೆ; ಅವಸರ ಅವಸರವಾಗಿ ಮಾಡಿದ್ದರಲ್ಲಿ ಆಶೀರ್ವಾದವಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾವು ಹೇಳುತ್ತೇವೆ. ಮೀನು ಹಸಿಯಾಗಿರುವಾಗಲೇ ಅದನ್ನು ಬಗ್ಗಿಸಿಕೋ ಎಂದು ಅವರು ಹೇಳುತ್ತಾರೆ. ಕಡಲ ತೀರದವರಿಗೆ ಮೀನು ಕಂಡಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಹೇಳುತ್ತೇವೆ; ನಮಗೆ ಬೇಲಿಯ ಗಿಡ ಕಂಡಿತು. ಒಂದೇ ಬೆರಳು ಹೇನನ್ನು ಕುಕ್ಕಲಾರದೆಂದು ಅವರು ಹೇಳಿದರೆ, ಒಂದೇ ಕೈಯಿಂದ ಚಪ್ಪಾಳೆಯಾಗದೆಂದು ನಾವು ಹೇಳುತ್ತೇವೆ.

ಇನ್ನೊಂದು ಗಾದೆಯನ್ನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಿರಿ. ಆನೆಗಳು ಕಾದಾಡಿದರೆ ನೋವು ಹುಲ್ಲಿಗೆ ಎಂದು ಸ್ವಾಹಿಲಿಯವರು ಹೇಳುತ್ತಾರೆ. ಆನೆಯ ಕಾಡಿನ ಅಂಚಿನಲ್ಲಿ ಬಾಳುವ ನಮ್ಮ ಮೈಸೂರು ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಇದೇ ಮಾತನ್ನು ಮನೆಯೊಳಗೆ ತಂದು, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಹೇಳುತ್ತೇವೆ. ಸಭೆಯ ಇಬ್ಬರು ಹಿರಿಯರು ಲೆಕ್ಕದ ವಿಷಯವಾಗಿಯೋ ಮುಂದಿನ ಬೆಂಚಿನ ವಿಷಯವಾಗಿಯೋ ಮುನಿಸಿಕೊಂಡಾಗ ಏನಾಗುತ್ತದೆ? ಅವರಿಬ್ಬರ ಮನೆಯ ಮಕ್ಕಳು ಭಾನುವಾರದ ಶಾಲೆಗೆ ಬರುವದು ನಿಲ್ಲುತ್ತದೆ. ಹಿರಿಯರು ಮುಂದೊಂದು ದಿನ ರಾಜಿಯಾದರೂ, ಮಕ್ಕಳು ಕಳೆದುಕೊಂಡ ಆ ವರುಷಗಳು ತಿರಿಗಿ ಬರುವದಿಲ್ಲ. ತುಳಿದ ಆನೆಗಳಿಗೆ ಹುಲ್ಲಿನ ನೆನಪಿರದು.

ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಅಕಾನ್ ಎಂಬ ಜನರಿದ್ದಾರೆ. ಮಗುವಿಗೆ ದೇವರನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ ಎಂಬದು ಅವರ ಒಂದು ಗಾದೆ. ಅವರ ಮಾತಿನಲ್ಲಿ ದೇವರೆಂಬ ಶಬ್ದಕ್ಕೂ ಆಕಾಶಕ್ಕೂ ನಂಟುಂಟು. ಅಂಗಳದಲ್ಲಿ ಅಂಗಾತ ಮಲಗಿದ ಕೂಸು ತಾನಾಗಿಯೇ ಆಕಾಶವನ್ನು ನೋಡುತ್ತದೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯದಲ್ಲಿ, ಸೃಷ್ಟಿಯನ್ನು ನೋಡುವವರಿಗೆ ಸೃಷ್ಟಿಕರ್ತನ ಗುಣಗಳು ತಿಳಿದುಬರುತ್ತವೆಂದು ಬೋಧಿಸುತ್ತಾನಲ್ಲವೇ? ಆ ಬೋಧನೆಯ ನೆರಳು ಆ ಮುದುಕರ ಮಾತಿನಲ್ಲಿ ಕಾಣುತ್ತದೆ. ನಮ್ಮ ಕರ್ತನಾದ ಯೇಸು ಸಹ ಜನರ ಬಾಯಲ್ಲಿದ್ದ ಗಾದೆಗಳನ್ನು ತಳ್ಳಿಬಿಡಲಿಲ್ಲ. ಸಮಾರ್ಯದ ಬಾವಿಯ ಬಳಿಯಲ್ಲಿ ಶಿಷ್ಯರ ಸಂಗಡ ಮಾತಾಡುವಾಗ, ಬಿತ್ತುವವನೊಬ್ಬನು ಕೊಯ್ಯುವವನೊಬ್ಬನೆಂಬ ಜನರ ಮಾತನ್ನು ಎತ್ತಿಕೊಂಡು ಅದು ನಿಜವೆಂದು ಒಪ್ಪಿದನು.

ಎರಡನೆಯದಾಗಿ, ಕಲಿಸಲು ಬಂದವರೇ ಕಲಿತುಕೊಂಡ ಸಂಗತಿಯನ್ನು ಕೇಳಿರಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಶಾಲೆಯಲ್ಲಿ ಕಲಿತ ಇಬ್ಬರು ತರುಣರು 1853ನೆಯ ಇಸವಿಯಲ್ಲಿ ಎರಡು ದಿಕ್ಕಿಗೆ ಹೋಗಿ ಸೇರಿದರು. ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು ನಮ್ಮ ಕನ್ನಡ ನಾಡಿಗೆ ಬಂದರು. ಯೋಹಾನ್ ಗೊಟ್ಲೀಬ್ ಕ್ರಿಸ್ಟಾಲರ್ ಅಯ್ಯನವರು ಆಗ ಗೋಲ್ಡ್ ಕೋಸ್ಟ್ ಎಂದು ಕರೆಯಲ್ಪಡುತ್ತಿದ್ದ, 1957ರಲ್ಲಿ ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾದ ದೇಶಕ್ಕೆ ಹೋದರು. ಇಬ್ಬರೂ ಸುವಾರ್ತೆಯನ್ನು ಸಾರುವದಕ್ಕೆ ಹೊರಟವರು. ಆದರೆ ಜನರ ಮಾತನ್ನರಿಯದೆ ಜನರ ಮನಸ್ಸನ್ನು ಮುಟ್ಟಲಾಗದೆಂದು ಇಬ್ಬರೂ ಕಂಡುಕೊಂಡು, ಉಪದೇಶಕರಾಗುವದಕ್ಕೆ ಮೊದಲು ಶಿಷ್ಯರಾದರು. ಕ್ರಿಸ್ಟಾಲರ್ ಅಯ್ಯನವರು ಅಕಾನರ ತ್ವಿ ಭಾಷೆಗೆ ಸತ್ಯವೇದವನ್ನು ತಂದದ್ದಲ್ಲದೆ, ಆ ಜನರ 3,600 ಗಾದೆಗಳನ್ನು ಕೂಡಿಸಿ 1879ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿದರು. ಕಿಟ್ಟೆಲ್ ಅಯ್ಯನವರು ಬಹು ವರುಷ ದುಡಿದು ಸಿದ್ಧಪಡಿಸಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಿತ್ತು. ಅದರಲ್ಲಿ ಮಹಾಕವಿಗಳ ಪ್ರಯೋಗಗಳ ಪಕ್ಕದಲ್ಲಿಯೇ ಹಳ್ಳಿಯ ಗಾದೆಗಳಿಗೂ ಸ್ಥಳ ಸಿಕ್ಕಿತು. ಪಂಪನ ನಾಡಿನ ಪಂಡಿತನೂ ಕಳೆ ಕೀಳುವ ಹೆಂಗಸೂ ಆ ಗ್ರಂಥದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು.

ಆಫ್ರಿಕಾದವರೇ ತಮ್ಮ ಜನರ ಮಾತನ್ನು ಕಾಪಾಡಿದ್ದೂ ಉಂಟು. ಸಾಮುವೇಲ್ ಅಜಾಯಿ ಕ್ರೌಥರ್ ಎಂಬವರು ಯೊರುಬಾ ಜನಾಂಗದ ಹುಡುಗ. ಅವರನ್ನು 1821ರಲ್ಲಿ ಗುಲಾಮರ ವ್ಯಾಪಾರಿಗಳು ಹಿಡಿದು ಮಾರಿದರು; ಮರುವರುಷ ಆಂಗ್ಲರ ಯುದ್ಧನೌಕೆಯೊಂದು ಆ ಗುಲಾಮರ ಹಡಗನ್ನು ತಡೆದು ಅವರನ್ನು ಬಿಡಿಸಿತು. 1825ರಲ್ಲಿ ದೀಕ್ಷಾಸ್ನಾನ ಹೊಂದಿ, 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲನೆಯ ಆಫ್ರಿಕಾದ ಬಿಷಪರಾದರು. ಅವರು ತಮ್ಮ ತಾಯಿನುಡಿಯ ಶಬ್ದಕೋಶವನ್ನು ರಚಿಸಿ, ಯೊರುಬಾ ಗಾದೆಗಳನ್ನೂ ಬರೆದಿಟ್ಟರು. ಹೊಸ ಹೆಸರನ್ನು ಹೊಂದಿದ ಮಾತ್ರಕ್ಕೆ ತಾಯಿಯ ಮಾತನ್ನು ಕಳೆದುಕೊಳ್ಳಬೇಕೆಂದು ಅವರು ಎಣಿಸಲಿಲ್ಲ. ಗಾದೆಯು ಮಾತಿನ ಕುದುರೆ, ಮಾತು ಕಳೆದುಹೋದಾಗ ಗಾದೆಯನ್ನೇರಿ ಅದನ್ನು ಹುಡುಕಬೇಕೆಂದು ಯೊರುಬಾದವರು ಹೇಳುತ್ತಾರೆ. ಪಂಚಾಯಿತಿಯಲ್ಲಿ ಎಲ್ಲರೂ ಕೂಗಾಡಿ ದಾರಿಗಾಣದಿರುವಾಗ, ಮೂಲೆಯಲ್ಲಿ ಕುಳಿತ ಒಬ್ಬ ಹಿರಿಯನು ಒಂದು ಗಾದೆ ಹೇಳಿದ ಕೂಡಲೆ ಎಲ್ಲರೂ ಸುಮ್ಮನಾಗುವದನ್ನು ಕಂಡವರಿಗೆ ಈ ಕುದುರೆಯ ಓಟ ತಿಳಿದಿದೆ.

ಪ್ರಿಯರೇ, ಆಫ್ರಿಕಾ ನಮಗೆ ದೂರವೆಂದು ತಿಳಿಯಬೇಡಿರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲೆ ಸೀಮೆಯ ಕಾಡುಗಳಲ್ಲಿ ಸಿದ್ದಿಯರೆಂಬ ಜನರಿದ್ದಾರೆ. ಅವರ ಪೂರ್ವಿಕರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಆಫ್ರಿಕಾದಿಂದ ಗೋವೆಗೆ ತಂದರು. ಈಗ ಅವರು ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ; ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಮೈಸೂರು ನಗರಕ್ಕೂ, 1916ರಲ್ಲಿ ಸ್ಥಾಪಿತವಾದ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಲಿಯುವದಕ್ಕೆ ಆಫ್ರಿಕಾದ ತರುಣರು ಬರುತ್ತಾರೆ. ನೀವು ಕೆಲಸಕ್ಕಾಗಿಯೋ ತರಕಾರಿ ಮಾರುವದಕ್ಕಾಗಿಯೋ ಗೋಕುಲಂ ಬಡಾವಣೆಗೆ ಹೋದರೆ, ಯೋಗಾಭ್ಯಾಸಕ್ಕೆ ಬಂದ ಬಿಳಿಯ ಪರದೇಶಸ್ಥರು ಬೀದಿಯಲ್ಲಿ ಕಾಣುತ್ತಾರೆ. ಅವರಿಗೆ ಜನರು ನಗುತ್ತಾ ದಾರಿ ಬಿಡುತ್ತಾರೆ. ಅದೇ ಬೀದಿಯಲ್ಲಿ ಕಪ್ಪು ಮೈಬಣ್ಣದ ಪರದೇಶಸ್ಥನೊಬ್ಬನು ಎದುರಿಗೆ ಬಂದರೆ ನಿಮ್ಮ ಕಣ್ಣು ಹೇಗೆ ನೋಡುತ್ತದೆ, ನಿಮ್ಮ ಬಾಯಿ ಏನು ಹೇಳುತ್ತದೆ? ಆಗ ಮತ್ತೆ ಯಾವದೂ ನೆನಪಾಗದಿದ್ದರೂ ನಿಮ್ಮ ಅಜ್ಜಿಯ ಗಾದೆಯಾದರೂ ನೆನಪಾಗಲಿ: ಆಕಳು ಕಪ್ಪಾದರೆ ಹಾಲು ಕಪ್ಪೇ? ನಮ್ಮ ಕರ್ತನ ಶಿಲುಬೆಯನ್ನು ಹೊತ್ತ ಸೀಮೋನನು ಆಫ್ರಿಕಾದ ಕುರೇನೆ ಪಟ್ಟಣದವನು. ದಾರಿಯಲ್ಲಿ ರಥವನ್ನು ನಿಲ್ಲಿಸಿ ಫಿಲಿಪ್ಪನಿಂದ ದೀಕ್ಷಾಸ್ನಾನ ಹೊಂದಿದ ಅಧಿಕಾರಿಯು ಐಥಿಯೋಪ್ಯದವನು. ನಮ್ಮ ಸೀಮೆಗೆ ಸುವಾರ್ತೆ ಬರುವದಕ್ಕೆ ಎಷ್ಟೋ ಮೊದಲೇ ಅವರು ಕರ್ತನ ಸಮೀಪಕ್ಕೆ ಬಂದವರು.

ಮೂರನೆಯದಾಗಿ, ಎಲ್ಲಾ ಗಾದೆಗಳೂ ಸತ್ಯವಲ್ಲವಾದ್ದರಿಂದ ಅವುಗಳನ್ನು ತೂರಿ ನೋಡಬೇಕು.

ಯೆಹೆಜ್ಕೇಲನ ಪ್ರವಾದನೆಯ 18ನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಇಸ್ರಾಯೇಲ್ಯರಲ್ಲಿ ಒಂದು ಗಾದೆ ರೂಢಿಯಾಗಿತ್ತು. ತಂದೆಗಳು ಹುಳಿದ್ರಾಕ್ಷೆ ತಿಂದದ್ದರಿಂದ ಮಕ್ಕಳ ಹಲ್ಲು ಚಳಿತುಹೋಯಿತೆಂಬದು ಅದರ ತಾತ್ಪರ್ಯ. ಸೆರೆಯಾಗಿ ಪರದೇಶದಲ್ಲಿದ್ದವರು ಆ ಗಾದೆಯನ್ನು ಹೇಳಿಕೊಂಡು, ಹಿರಿಯರ ಪಾಪಕ್ಕೆ ನಾವು ಅನುಭವಿಸುತ್ತೇವೆ, ನಮ್ಮ ಕೈಯಲ್ಲೇನಿದೆ ಎಂದು ಕೈಕಟ್ಟಿ ಕುಳಿತರು. ದೇವರು ಏನು ಮಾಡಿದನು? ಈ ಗಾದೆಯನ್ನು ಇನ್ನು ಮೇಲೆ ನೀವು ಆಡಕೂಡದೆಂದು ಆಣೆಯಿಟ್ಟು ತಡೆದನು. ಪ್ರತಿಯೊಬ್ಬನ ಪ್ರಾಣವೂ ತನ್ನದೇ, ತಂದೆಯ ದೋಷವು ಮಗನ ಮೇಲೆ ಬೀಳದು, ದುಷ್ಟನು ತಿರುಗಿಕೊಂಡರೆ ಬದುಕುವನು ಎಂದು ತಿಳಿಸಿದನು. ನೋಡಿರಿ, ದೇವರು ಒಂದು ಗಾದೆಯನ್ನು ಜನರ ಬಾಯಿಂದ ತೆಗೆದುಹಾಕುವದಕ್ಕಾಗಿ ಒಬ್ಬ ಪ್ರವಾದಿಯನ್ನೇ ಕಳುಹಿಸಿದನು. ಕೆಟ್ಟ ಗಾದೆಯು ಅಷ್ಟು ಬಲವಾದ ಸಂಕೋಲೆ.

ನಮ್ಮ ಕೈಕಾಲುಗಳಿಗೂ ಇಂಥ ಸಂಕೋಲೆಗಳನ್ನು ಹಾಕಿದ್ದುಂಟು. ಹಣೆಬರಹಕ್ಕೆ ಹೊಣೆ ಯಾರು ಎಂದು ಹೇಳುತ್ತಾರೆ. ಸಾಲಗಾರನು ಬಡ್ಡಿಯ ಲೆಕ್ಕವನ್ನು ತೋರಿಸೆಂದು ಕೇಳದೆ ಹೆಬ್ಬೆಟ್ಟು ಒತ್ತುವದು ಈ ಮಾತಿನಿಂದ. ಮಗುವಿಗೆ ಜ್ವರ ಏರಿದಾಗ ಆಸ್ಪತ್ರೆಗೆ ಒಯ್ಯದೆ ತಾಯಿ ಗೋಡೆಗೆ ಒರಗಿ ಕೂರುವದು ಈ ಮಾತಿನಿಂದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಇನ್ನೊಂದು. ಕುಡಿತದ ಚಟವನ್ನು ಬಿಡುವದು ಎಷ್ಟು ಕಷ್ಟವೆಂದು ಎಚ್ಚರಿಸುವದಕ್ಕೆ ಇದನ್ನು ಹೇಳಿದರೆ ಇದರಲ್ಲಿ ಸ್ವಲ್ಪ ನಿಜವುಂಟು. ಆದರೆ ಕೀಳೆಂದು ಎಣಿಸಲ್ಪಟ್ಟ ಕೇರಿಯಲ್ಲಿ ಹುಟ್ಟಿದವನು ಓದಿ ಮುಂದೆ ಬಂದಾಗ, ಅವನ ಬೆನ್ನ ಹಿಂದೆ ಇದನ್ನೇ ಹೇಳಿ ನಗುವವರಿದ್ದಾರೆ. ನಮ್ಮ ತಾತಂದಿರು ಈ ಮಾತನ್ನು ಎಷ್ಟು ಸಾರಿ ಕೇಳಿ ತಲೆ ತಗ್ಗಿಸಿದರೋ ದೇವರೇ ಬಲ್ಲನು. ರಾತ್ರಿಯಲ್ಲಿ ಬಂದ ನಿಕೊದೇಮನಿಗೆ ಕರ್ತನು ಹೊಸದಾಗಿ ಹುಟ್ಟಬಹುದೆಂದು ಬೋಧಿಸಿದ ಮೇಲೆ, ಈ ಗಾದೆಗೆ ನಮ್ಮ ಸಭೆಯಲ್ಲಿ ಏನು ಅಧಿಕಾರವುಂಟು? ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬದು ಮೂರನೆಯದು. ಆಫ್ರಿಕಾದ ಗಾದೆಗಳಲ್ಲಿಯೂ ಹೆಂಗಸರನ್ನು ಹೀನೈಸುವಂಥವು ಬಹಳ ಉಂಟು. ಆ ಹೊಲದಲ್ಲಿಯೂ ಕಳೆ ಬೆಳೆದಿದೆ. ಸತ್ಯವೇದದ ಒಂದು ಅಧ್ಯಾಯವು ಒಬ್ಬ ತಾಯಿಯ ಬುದ್ಧಿಯಿಂದಲೇ ಬಂದಿರುವಾಗ, ಈ ಗಾದೆಯನ್ನು ಕ್ರೈಸ್ತನ ಬಾಯಿ ಹೇಗೆ ಆಡೀತು?

ಹಾಗಾದರೆ ಕಾಳು ಯಾವದು, ಹೊಟ್ಟು ಯಾವದು ಎಂದು ತಿಳಿಯುವದು ಹೇಗೆ? ಲೆಮೂವೇಲನ ತಾಯಿಯೇ ನಮಗೆ ಮೊರವನ್ನು ಕೊಟ್ಟಿದ್ದಾಳೆ. ಮಗನೇ, ಮಾತಾಡಲಾರದವರ ಪರವಾಗಿ ನೀನು ಬಾಯಿ ತೆರೆ, ಬಡವರಿಗೂ ದಿಕ್ಕಿಲ್ಲದವರಿಗೂ ನ್ಯಾಯವನ್ನು ತೀರಿಸು ಎಂಬ ತಾತ್ಪರ್ಯದ ಬುದ್ಧಿಯನ್ನು 8, 9ನೆಯ ವಚನಗಳಲ್ಲಿ ಆಕೆ ಹೇಳುತ್ತಾಳೆ. ಒಂದು ಗಾದೆಯು ಬಲಹೀನನ ಪರವಾಗಿ ಬಾಯಿ ತೆರೆಯುತ್ತದೋ, ಅಥವಾ ಬಲಹೀನನ ಬಾಯನ್ನು ಮುಚ್ಚಿಸುತ್ತದೋ? ಆನೆ ಮತ್ತು ಹುಲ್ಲಿನ ಗಾದೆಯು ಹುಲ್ಲಿನ ಪರವಾಗಿ ಮಾತಾಡುತ್ತದೆ. ಕೂಸಿನ ಗಾದೆಯು ಕೂಸಿನ ಪರವಾಗಿ ಮಾತಾಡುತ್ತದೆ. ಅವುಗಳನ್ನು ಇಟ್ಟುಕೊಳ್ಳಿರಿ. ಬಿದ್ದವನನ್ನು ಬಿದ್ದಲ್ಲಿಯೇ ಒತ್ತಿ ಹಿಡಿಯುವ ಗಾದೆಯನ್ನು, ಅದು ಎಷ್ಟೇ ಹಳೆಯದಾಗಿರಲಿ, ಎಷ್ಟೇ ಚೆಂದದ ಪ್ರಾಸವುಳ್ಳದ್ದಾಗಿರಲಿ, ಗಾಳಿಗೆ ಬಿಡಿರಿ.

ನಾಲ್ಕನೆಯದಾಗಿ, ಒಳ್ಳೆಯ ಗಾದೆಯನ್ನು ಸಹ ಸಮಯವರಿತು, ಮೊದಲು ತನ್ನ ಮೇಲೆಯೇ ಪ್ರಯೋಗಿಸಬೇಕು.

ತಾಳಿದವನು ಬಾಳಿಯಾನು ಎಂದು ಒಂದು ಗಾದೆ ಹೇಳುತ್ತದೆ. ನಾಳೆ ಎಂದವನ ಮನೆ ಹಾಳು ಎಂದು ಇನ್ನೊಂದು ಹೇಳುತ್ತದೆ. ಇವುಗಳಲ್ಲಿ ಯಾವದು ಸರಿ? ಎರಡೂ ಸರಿ. ನೆರೆಯವನ ಮೇಲೆ ಸಿಟ್ಟು ಬಂದಾಗ ಮೊದಲನೆಯದು ಸರಿ, ಅವನ ಬಳಿಗೆ ಹೋಗಿ ಕ್ಷಮೆ ಕೇಳಬೇಕಾದಾಗ ಎರಡನೆಯದು ಸರಿ. ಇವುಗಳನ್ನು ಅದಲು ಬದಲು ಮಾಡುವವನು ಜ್ವರಕ್ಕೆ ಗಾಯದ ಮುಲಾಮನ್ನು ಕುಡಿಯುವವನ ಹಾಗಿದ್ದಾನೆ. ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿಯೂ ಮೂಢನಿಗೆ ಉತ್ತರ ಕೊಡಬೇಡವೆಂಬ ಮಾತೂ ಉತ್ತರ ಕೊಡು ಎಂಬ ಮಾತೂ ಒಂದರ ಹಿಂದೆ ಒಂದು ಬರುತ್ತವೆ. ಸಮಯವನ್ನು ತಿಳಿಯುವ ವಿವೇಕವನ್ನು ಗಾದೆಯು ಕೊಡಲಾರದು. ಅದನ್ನು ದೇವರಿಂದ ಬೇಡಿಕೊಳ್ಳಬೇಕು. ಅದೇ ಅಧ್ಯಾಯದಲ್ಲಿ ಮೂಢರ ಬಾಯಲ್ಲಿರುವ ಸಾಮತಿಯನ್ನು ಕುಡುಕನ ಕೈಗೆ ಸಿಕ್ಕಿದ ಮುಳ್ಳಿಗೆ ಹೋಲಿಸಲಾಗಿದೆ. ಅತ್ತೆಯು ಸೊಸೆಗೆ ಕೇಳಿಸುವಂತೆ ಗೋಡೆಗೆ ಹೇಳುವ ಗಾದೆ, ಸೊಸೆಯು ಪಾತ್ರೆಗೆ ಹೇಳುವ ಗಾದೆ, ಇವು ಅಂಥ ಮುಳ್ಳುಗಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬದನ್ನು ಸೊಸೆಯು ಹಗೆಯಿಂದ ಹೇಳಿಕೊಂಡರೆ ವಿಷ; ಅತ್ತೆಯೇ ತನ್ನೊಳಗೆ ಹೇಳಿಕೊಂಡು ಮೆತ್ತಗಾದರೆ ಔಷಧ. ಹೇಳುವದು ಆಚಾರ, ತಿನ್ನುವದು ಬದನೆಕಾಯಿ ಎಂದು ಊರಿನವರು ನಮ್ಮನ್ನು ನೋಡಿ ಹೇಳುವಂತೆ ನಾವು ನಡೆಯಬಾರದು. ನಾವು ಸುವಾರ್ತೆಯ ಮಾತನ್ನು ಆಡುವವರಾದ್ದರಿಂದ, ಆ ಗಾದೆ ಬೇರೆಯವರಿಗಿಂತ ನಮಗೇ ಬೇಗ ತಗಲುತ್ತದೆ.

ಕಡೆಯದಾಗಿ ಒಂದು ಕೆಲಸವನ್ನು ಹೇಳುತ್ತೇನೆ. ಮಾಲಿ ದೇಶದ ಅಮಾದು ಹಂಪಾತೆ ಬಾ ಎಂಬ ವಿದ್ವಾಂಸರು 1960ರಲ್ಲಿ ಯುನೆಸ್ಕೊ ಸಂಸ್ಥೆಯ ಮುಂದೆ ಮಾತಾಡುತ್ತಾ, ಆಫ್ರಿಕಾದಲ್ಲಿ ವೃದ್ಧನೊಬ್ಬನು ಸಾಯುವದನ್ನು ಒಂದು ಗ್ರಂಥಾಲಯವು ಸುಟ್ಟುಹೋಗುವದಕ್ಕೆ ಹೋಲಿಸಿದರು. ನಮ್ಮ ಹಳ್ಳಿಗಳಲ್ಲಿಯೂ ಹಾಗೆಯೇ ಅಲ್ಲವೇ? ಒಬ್ಬ ಅಜ್ಜಿಯನ್ನು ಮಣ್ಣಿಗೆ ಇಳಿಸುವಾಗ, ಎಲ್ಲಿಯೂ ಬರೆಯದ ನೂರಾರು ಮಾತುಗಳು ಆಕೆಯ ಸಂಗಡ ಹೋಗುತ್ತವೆ. ಅಕಾನರಲ್ಲಿ ಸಂಕೋಫಾ ಎಂಬ ಒಂದು ಗುರುತುಂಟು. ಮುಂದಕ್ಕೆ ನಿಂತ ಹಕ್ಕಿಯೊಂದು ಕತ್ತನ್ನು ಹಿಂದಕ್ಕೆ ತಿರುಗಿಸಿ ಬೆನ್ನಿನ ಮೇಲಿನ ತತ್ತಿಯನ್ನು ಕೊಕ್ಕಿನಿಂದ ತೆಗೆದುಕೊಳ್ಳುವ ಹಾಗೆ ಅದನ್ನು ಬರೆಯುತ್ತಾರೆ. ಮರೆತುಬಿಟ್ಟದ್ದನ್ನು ಹಿಂದಿರುಗಿ ಹೋಗಿ ತರುವದು ದೋಷವಲ್ಲವೆಂಬದು ಅದಕ್ಕೆ ಸೇರಿದ ಗಾದೆ. ಹಕ್ಕಿಯ ಪಾದಗಳು ಮುಂದಕ್ಕೇ ಇವೆಯೆಂಬದನ್ನು ಗಮನಿಸಿರಿ. ನಾವು ಹಳೆಯ ಬಾಳಿಗೆ ಹಿಂದಿರುಗುವದಿಲ್ಲ. ಆದರೆ ದಾರಿಯಲ್ಲಿ ಬಿಟ್ಟುಬಂದ ತತ್ತಿಯನ್ನು ಮಾತ್ರ ತೆಗೆದುಕೊಳ್ಳುತ್ತೇವೆ.

ಆದಕಾರಣ ಭಾನುವಾರದ ಶಾಲೆಯ ಮಕ್ಕಳು ಒಂದು ಬರಹದ ಪುಸ್ತಕವನ್ನು ಇಟ್ಟುಕೊಳ್ಳಲಿ. ವಾರಕ್ಕೊಂದು ಸಾರಿ ತಮ್ಮ ಅಜ್ಜಿಯ ಬಳಿಯಲ್ಲಿ, ಅಜ್ಜಿಯಿಲ್ಲದವರು ನೆರೆಮನೆಯ ಮುದುಕಿಯ ಬಳಿಯಲ್ಲಿ ಕುಳಿತು, ಅವ್ವಾ, ಒಂದು ಗಾದೆ ಹೇಳು ಎಂದು ಕೇಳಲಿ. ಬರೆದದ್ದನ್ನು ಉಪದೇಶಿಯವರು ಸಭೆಯಲ್ಲಿ ಓದಿಸಿ, ಇದು ಯಾರ ಪರವಾಗಿ ಬಾಯಿ ತೆರೆಯುತ್ತದೆಂದು ಎಲ್ಲರೂ ಕೂಡಿ ವಿಚಾರಿಸಲಿ. ಒಂದು ವರುಷವಾಗುವಷ್ಟರಲ್ಲಿ ತೆನೆ ತೆನೆ ಕೂಡಿ ಬಳ್ಳ ತುಂಬುವದು. ಅದಕ್ಕಿಂತ ಹೆಚ್ಚಾಗಿ, ನನ್ನ ಮಾತನ್ನು ಯಾರು ಕೇಳುತ್ತಾರೆಂದು ಮೂಲೆಯಲ್ಲಿ ಕುಳಿತಿರುವ ಆ ಮುದುಕಿಯು, ತನ್ನ ಮೊಮ್ಮಗುವು ಬರೆಯುವದನ್ನು ನೋಡಿ, ಲೆಮೂವೇಲನ ತಾಯಿಗೆ ಸಿಕ್ಕಿದ ಗೌರವದಲ್ಲಿ ಸ್ವಲ್ಪವನ್ನಾದರೂ ತನ್ನ ಕಡೆಯ ದಿನಗಳಲ್ಲಿ ಹೊಂದುವಳು.

ಪ್ರಾರ್ಥನೆ ಮಾಡೋಣ: ಸಕಲ ಜನಾಂಗಗಳ ತಂದೆಯಾದ ದೇವರೇ, ನಮ್ಮ ಹಿರಿಯರ ಬಾಯಲ್ಲಿ ನೀನು ಇಟ್ಟ ಬುದ್ಧಿಗಾಗಿ ನಿನ್ನನ್ನು ಕೊಂಡಾಡುತ್ತೇವೆ. ಅದರಲ್ಲಿ ಮನುಷ್ಯರು ಬೆರಸಿದ ಹೊಟ್ಟನ್ನು ತೂರಿಹಾಕುವ ವಿವೇಕವನ್ನು ನಮಗೆ ಕೊಡು. ನಮ್ಮ ನಾಲಿಗೆಯು ಯಾರಿಗೂ ಮುಳ್ಳಾಗದೆ, ಮಾತಿಲ್ಲದವರಿಗೆ ಮಾತಾಗುವಂತೆ ನಮ್ಮನ್ನು ನಡಿಸು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.